ಸೋಮವಾರದ ಸತ್ಯಾಗ್ರಹ: ನಾರ್ತ್ ಕೆರೊಲಿನಾದ ‘ಮಾರಲ್ ಮಂಡೇ’ ಚಳವಳಿಯ ಪ್ರಕರಣ ಅಧ್ಯಯನ

2013ರ ಏಪ್ರಿಲ್ 29ರ ಸೋಮವಾರ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ರಾಜಧಾನಿ ರಾಲಿಯಲ್ಲಿ, ಶಾಸನಸಭೆಯ ಕಟ್ಟಡದೊಳಗೆ ಹಾಡುತ್ತ, ಪ್ರಾರ್ಥಿಸುತ್ತ ನಿಂತಿದ್ದ 17 ಮಂದಿಯನ್ನು ಪೊಲೀಸರು ಬಂಧಿಸಿದರು. ಅವರ ಮುಂದಾಳು ರೆವರೆಂಡ್ ವಿಲಿಯಂ ಬಾರ್ಬರ್. ಗೋಲ್ಡ್ಸ್‌ಬರೊ ಊರಿನ ಗ್ರೀನ್‌ಲೀಫ್ ಕ್ರಿಶ್ಚಿಯನ್ ಚರ್ಚಿನ ಸಭಾಪಾಲಕರಾಗಿದ್ದ ಅವರು, ಕಪ್ಪು ಜನರ ನಾಗರಿಕ ಹಕ್ಕುಗಳಿಗಾಗಿ 1909ರಿಂದ ದುಡಿಯುತ್ತಿರುವ ಎನ್‌ಎಎಸಿಪಿ ಸಂಸ್ಥೆಯ ರಾಜ್ಯ ಘಟಕದ ಅಧ್ಯಕ್ಷರೂ ಆಗಿದ್ದರು. ಮರುವಾರ ಇನ್ನಷ್ಟು ಜನ ಬಂದರು. ಜೂನ್ 3ರಂದು ಒಂದೇ ದಿನ 151 ಮಂದಿ ಬಂಧನಕ್ಕೊಳಗಾದರು. ಆ ವರ್ಷದ ಅಧಿವೇಶನ ಮುಗಿಯುವ ಹೊತ್ತಿಗೆ ಬಂಧಿತರ ಸಂಖ್ಯೆ 900ನ್ನು ದಾಟಿತ್ತು. ‘ಮಾರಲ್ ಮಂಡೇ’, ಅಂದರೆ ನೈತಿಕತೆಯ ಸೋಮವಾರ, ಎಂದು ಹೆಸರಾದ ಈ ಚಳವಳಿಯನ್ನು ಇಲ್ಲಿ ಒಂದು ಪ್ರಕರಣವಾಗಿ ಎತ್ತಿಕೊಳ್ಳಲು ನಿರ್ದಿಷ್ಟ ಕಾರಣವಿದೆ. ಧರ್ಮಗುರುವೊಬ್ಬರು ಧರ್ಮಗ್ರಂಥವನ್ನು ಹಿಡಿದು ಸರ್ಕಾರದ ಎದುರು ನಿಂತಾಗ ಅವರು ಕೇಳುವುದೇನು ಎಂಬುದರ ಮೇಲೆಯೇ ಅವರ ನಡೆಯ ಗುಣ ನಿರ್ಧಾರವಾಗುತ್ತದೆ. ಬಾರ್ಬರ್ ತಮ್ಮ ಮತಕ್ಕೆ ಏನನ್ನೂ ಕೇಳಲಿಲ್ಲ; ಬಜೆಟ್ಟಿನ ಮತ್ತು ಕಾನೂನಿನ ಒಂದೊಂದು ಅಂಶವನ್ನೂ ಹೆಸರಿಸಿ, ಅದರಿಂದ ಪೆಟ್ಟು ತಿಂದವರ ಪರವಾಗಿ ಲೆಕ್ಕ ಕೇಳಿದರು. ಚಳವಳಿಗೆ ಬಲ ಬಂದದ್ದು ಅಲ್ಲಿಂದ ಎಂಬುದು ನನ್ನ ವಾದ.

ಹಿಂದಿನ ಆರು ವರ್ಷಗಳ ಕೆಲಸ

ಬಾರ್ಬರ್ ಹುಟ್ಟಿದ್ದು 1963ರ ಆಗಸ್ಟ್ 30ರಂದು, ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್ನಿನಲ್ಲಿ ತಮ್ಮ ಪ್ರಸಿದ್ಧ ಭಾಷಣ ಮಾಡಿದ ಎರಡು ದಿನಗಳ ನಂತರ. ಅವರ ತಂದೆ ತಾಯಿ ಉತ್ತರದ ಇಂಡಿಯಾನಾದಲ್ಲಿದ್ದ ಬದುಕನ್ನು ಬಿಟ್ಟು, ಶಾಲೆಗಳಲ್ಲಿ ವರ್ಣಭೇದವನ್ನು ಕೊನೆಗಾಣಿಸುವ ಕೆಲಸಕ್ಕೆ ಕೈಜೋಡಿಸಲೆಂದು ನಾರ್ತ್ ಕೆರೊಲಿನಾದ ಪೂರ್ವಭಾಗದ ಬಡ ಜಿಲ್ಲೆಯೊಂದಕ್ಕೆ ಮರಳಿದ್ದರು. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರ ಓದಿದ ಬಾರ್ಬರ್ 1993ರಲ್ಲಿ ಗ್ರೀನ್‌ಲೀಫ್ ಚರ್ಚಿಗೆ ಬಂದರು. ಅದೇ ಕಾಲದಲ್ಲಿ ಬೆನ್ನುಮೂಳೆಯನ್ನು ಬಿಗಿಯುವ ತೀವ್ರ ಸಂಧಿವಾತ ಅವರನ್ನು ಹಾಸಿಗೆ ಹಿಡಿಸಿತು. ಮತ್ತೆ ನಡೆಯಲು ಅವರಿಗೆ ಬಹಳ ಕಾಲ ಬೇಕಾಯಿತು, ಇಂದಿಗೂ ಅವರು ಊರುಗೋಲಿನ ನೆರವಿನಿಂದಲೇ ನಡೆಯುತ್ತಾರೆ. ವೈದ್ಯಕೀಯ ವಿಮೆ ಇಲ್ಲದವರ ಪಾಡನ್ನು ಅವರು ಮಾತಿಗೆ ಎತ್ತಿಕೊಂಡಾಗಲೆಲ್ಲ ಕೇಳುಗರಿಗೆ ಕಣ್ಣೆದುರೇ ಕಾಣುತ್ತಿದ್ದ ಸಂಗತಿ ಇದು.

ಚಳವಳಿ 2013ರಲ್ಲಿ ದಿಢೀರನೆ ಹುಟ್ಟಿದ್ದಲ್ಲ. 2007ರ ಫೆಬ್ರವರಿಯಲ್ಲಿ ಬಾರ್ಬರ್ ಮತ್ತು ಸಂಗಡಿಗರು, ಶಾಸನಸಭೆ ಇರುವ ಜೋನ್ಸ್ ಬೀದಿಯಲ್ಲಿ ಸಾವಿರಾರು ಜನರ ಮೆರವಣಿಗೆಯೊಂದನ್ನು ನಡೆಸಿ, 14 ಅಂಶಗಳ ಬೇಡಿಕೆ ಪಟ್ಟಿಯನ್ನು ಮುಂದಿಟ್ಟರು. ಶಾಲೆಗಳಿಗೆ ಸಾಕಷ್ಟು ಹಣ, ಬದುಕಲು ಸಾಲುವ ಕೂಲಿ, ಎಲ್ಲರಿಗೂ ಆರೋಗ್ಯ ಸೇವೆ, ಮತದಾನದ ಹಕ್ಕು, ವಲಸಿಗರ ಹಕ್ಕು, ಮರಣದಂಡನೆಯಲ್ಲಿನ ಜನಾಂಗೀಯ ಪಕ್ಷಪಾತಕ್ಕೆ ತಡೆ ಇವು ಅದರಲ್ಲಿದ್ದವು. ಆಗ ಗವರ್ನರ್ ಸ್ಥಾನ ಮತ್ತು ಎರಡೂ ಸದನಗಳು ಡೆಮಾಕ್ರಟಿಕ್ ಪಕ್ಷದ ಕೈಯಲ್ಲಿದ್ದವು ಎಂಬುದನ್ನು ಗಮನಿಸಬೇಕು. ಮತದಾನದ ಅವಧಿಯಲ್ಲೇ ಹೆಸರು ನೋಂದಾಯಿಸಿ ಅದೇ ದಿನ ಮತ ಹಾಕುವ ಅವಕಾಶವೂ, ತಮ್ಮ ಶಿಕ್ಷೆಯಲ್ಲಿ ಜನಾಂಗೀಯ ಪಕ್ಷಪಾತವಿದೆಯೆಂದು ಅಂಕಿಅಂಶಗಳ ಸಹಿತ ವಾದಿಸಲು ಮರಣದಂಡಿತರಿಗೆ ಅವಕಾಶ ಕೊಟ್ಟ 2009ರ ಕಾನೂನೂ ಈ ಒತ್ತಡದ ಕಾಲದಲ್ಲೇ ಬಂದವು. ಪ್ರತಿವರ್ಷ ಫೆಬ್ರವರಿಯಲ್ಲಿ ಮೆರವಣಿಗೆ ಮುಂದುವರಿಯಿತು, ಒಕ್ಕೂಟಕ್ಕೆ ಸೇರಿದ ಸಂಘಟನೆಗಳ ಸಂಖ್ಯೆ ಬೆಳೆಯಿತು. ಜನ ಬೀದಿಗೆ ಬಂದ ದಿನವನ್ನಷ್ಟೇ ನೋಡುವವರಿಗೆ ಈ ಆರು ವರ್ಷಗಳ ಸಭೆ, ಓದು, ಊರೂರು ಸುತ್ತಾಟ ಕಾಣುವುದಿಲ್ಲ.

ಇನ್ನೂ ಹಿಂದಿನ ಬೇರುಗಳೂ ಈ ನೆಲದಲ್ಲಿವೆ. 1890ರ ದಶಕದಲ್ಲಿ ಇದೇ ರಾಜ್ಯದಲ್ಲಿ ಕಪ್ಪು ಜನರೂ ಬಡ ಬಿಳಿಯ ರೈತರೂ ಕೂಡಿ ಮತ ಹಾಕಿ ಅಧಿಕಾರ ಹಿಡಿದಿದ್ದರು. 1898ರ ನವೆಂಬರ್ 10ರಂದು ವಿಲ್ಮಿಂಗ್ಟನ್ ನಗರದಲ್ಲಿ ಬಿಳಿಯರ ಶಸ್ತ್ರಸಜ್ಜಿತ ಗುಂಪು ಚುನಾಯಿತ ಆಡಳಿತವನ್ನು ಬಲಾತ್ಕಾರದಿಂದ ಉರುಳಿಸಿ, ಕಪ್ಪು ಜನರನ್ನು ಕೊಂದು, ಅವರ ಪತ್ರಿಕಾ ಕಚೇರಿಗೆ ಬೆಂಕಿ ಹಚ್ಚಿದ ಮೇಲೆ ಆ ಮೈತ್ರಿ ಮುರಿದುಬಿತ್ತು. ಬಾರ್ಬರ್ ತಮ್ಮ ಚಳವಳಿಯನ್ನು ಆ ಮುರಿದ ಮೈತ್ರಿಯ ಮುಂದುವರಿಕೆಯೆಂದೇ ಕರೆದರು. ಭಾರತದ ಎಳೆಯೂ ಇಲ್ಲಿದೆ. 1950ರ ದಶಕದಲ್ಲಿ ನಾಗಪುರದಲ್ಲಿ ಮೆಥೊಡಿಸ್ಟ್ ಸೇವೆಯಲ್ಲಿದ್ದು ಗಾಂಧೀಜಿಯ ಸತ್ಯಾಗ್ರಹದ ಮಾರ್ಗವನ್ನು ಅಭ್ಯಾಸ ಮಾಡಿದ ಜೇಮ್ಸ್ ಲಾಸನ್, 1960ರ ಏಪ್ರಿಲ್‌ನಲ್ಲಿ ಇದೇ ರಾಲಿಯ ಶಾ ವಿಶ್ವವಿದ್ಯಾಲಯದಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರ್ತಿ ಎಲ್ಲಾ ಬೇಕರ್ ಕರೆದಿದ್ದ ವಿದ್ಯಾರ್ಥಿಗಳ ಸಭೆಯಲ್ಲಿ ಅಹಿಂಸೆಯ ಕುರಿತು ಮಾತನಾಡಿದ್ದರು. ಶಾಸನಸಭೆಗೆ ಹೋಗುವ ಮುನ್ನ ಚರ್ಚಿನಲ್ಲಿ ಸೇರಿ, ಪೊಲೀಸರೊಡನೆ ಹೇಗೆ ನಡೆದುಕೊಳ್ಳಬೇಕೆಂದು ತಾಲೀಮು ಪಡೆದು, ವಕೀಲರ ಸಲಹೆ ಕೇಳಿ, ಬಂಧನಕ್ಕೆ ಸಿದ್ಧರಾದವರು ಮಾತ್ರ ಒಳಗೆ ಹೋಗುವ ಮಾರಲ್ ಮಂಡೇ ಶಿಸ್ತು ಆ ಪರಂಪರೆಗೆ ಸೇರಿದ್ದು.

ಆಕ್ಷೇಪಕ್ಕೆ ಕಾರಣವಾದ ಕಾನೂನುಗಳು

2010ರ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷ ಒಂದು ಶತಮಾನಕ್ಕೂ ಹೆಚ್ಚು ಕಾಲದ ನಂತರ ಎರಡೂ ಸದನಗಳನ್ನು ಗೆದ್ದಿತು. 2012ರಲ್ಲಿ ಅದೇ ಪಕ್ಷದ ಪ್ಯಾಟ್ ಮೆಕ್‌ಕ್ರೊರಿ ಗವರ್ನರ್ ಆಗಿ ಆಯ್ಕೆಯಾದರು. 2013ರ ಮೊದಲ ತಿಂಗಳುಗಳಲ್ಲೇ ಮಸೂದೆಗಳು ಒಂದರ ಹಿಂದೊಂದು ಅಂಗೀಕಾರವಾದವು. ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್ ಅನ್ನು ವಿಸ್ತರಿಸಲು ಕೇಂದ್ರ ಸರ್ಕಾರ ಮೊದಲ ಮೂರು ವರ್ಷ ಪೂರ್ತಿ ಖರ್ಚನ್ನೂ, ಕ್ರಮೇಣ ಶೇ. 90ರಷ್ಟನ್ನೂ ಕೊಡಲು ಸಿದ್ಧವಿದ್ದಾಗಲೂ ರಾಜ್ಯ ಅದನ್ನು ನಿರಾಕರಿಸಿತು. ಸುಮಾರು 5 ಲಕ್ಷ ಜನ ಇದರಿಂದ ವಿಮೆಯ ಹೊರಗುಳಿದರು. ನಿರುದ್ಯೋಗ ಭತ್ಯೆಯ ವಾರದ ಗರಿಷ್ಠ ಮೊತ್ತವನ್ನು 535 ಡಾಲರ್‌ನಿಂದ 350ಕ್ಕೆ ಇಳಿಸಲಾಯಿತು. ಹೀಗೆ ಇಳಿಸಿದ್ದರಿಂದ ಜುಲೈ 1ರಂದು ಸುಮಾರು 70,000 ಮಂದಿ ಕೇಂದ್ರದ ಹೆಚ್ಚುವರಿ ಭತ್ಯೆಯನ್ನೂ ಕಳೆದುಕೊಂಡರು. ಕಡಿಮೆ ಸಂಬಳದ ದುಡಿಯುವ ಕುಟುಂಬಗಳಿಗಿದ್ದ ತೆರಿಗೆ ವಿನಾಯಿತಿ ಕೊನೆಗೊಂಡ ವರ್ಷವೇ ದೊಡ್ಡ ಆಸ್ತಿಗಳ ಪಿತ್ರಾರ್ಜಿತ ತೆರಿಗೆ ರದ್ದಾಯಿತು. ಮರಣದಂಡಿತರಿಗೆ ನೆರವಾಗಿದ್ದ 2009ರ ಕಾನೂನನ್ನೂ ಹಿಂತೆಗೆದುಕೊಳ್ಳಲಾಯಿತು.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಯಾರ ಕೈಯಿಂದ ಕಿತ್ತು ಯಾರ ಕೈಗೆ ಕೊಡಲಾಗುತ್ತಿದೆ ಎಂಬುದು ಸ್ಪಷ್ಟವಾಗುತ್ತಿತ್ತು. ಅನ್ಯಾಯದ ಕಟ್ಟಳೆಗಳನ್ನು ಬರೆದು ಬಡವರ ನ್ಯಾಯವನ್ನು ತಪ್ಪಿಸುವವರನ್ನು, ವಿಧವೆಯರನ್ನೂ ಅನಾಥರನ್ನೂ ಸೂರೆಮಾಡುವವರನ್ನು ಎಚ್ಚರಿಸುವ ಪ್ರವಾದಿ ಯೆಶಾಯನ 10ನೆಯ ಅಧ್ಯಾಯದ ವಾಕ್ಯಗಳನ್ನು ಬಾರ್ಬರ್ ಮತ್ತೆ ಮತ್ತೆ ಉದ್ಧರಿಸಿದ್ದು ಈ ಹಿನ್ನೆಲೆಯಲ್ಲಿ. ಆ ವಾಕ್ಯ ವೈಯಕ್ತಿಕ ಪಾಪವನ್ನು ಕುರಿತದ್ದಲ್ಲ, ಶಾಸನ ಬರೆಯುವ ಕೈಯನ್ನು ಕುರಿತದ್ದು. ಅಮೆರಿಕದ ಸಾರ್ವಜನಿಕ ಜೀವನದಲ್ಲಿ ‘ಕ್ರೈಸ್ತ ಮೌಲ್ಯ’ ಎಂದರೆ ಗರ್ಭಪಾತ, ಸಲಿಂಗ ವಿವಾಹ, ಶಾಲೆಯಲ್ಲಿ ಪ್ರಾರ್ಥನೆ ಇಷ್ಟೇ ಎಂಬ ತಿಳಿವಳಿಕೆ ಹಲವು ದಶಕಗಳಿಂದ ಬೇರೂರಿತ್ತು. ಹಸಿದವನಿಗೆ ಅನ್ನ, ರೋಗಿಗೆ ಆರೈಕೆ, ಪರದೇಶಿಗೆ ಆಶ್ರಯ ಕುರಿತು ಬೈಬಲ್ ಎಷ್ಟು ಸಲ ಮಾತನಾಡುತ್ತದೆ ಎಂಬುದನ್ನು ಮುಂದಿಟ್ಟು ಬಾರ್ಬರ್ ಆ ತಿಳಿವಳಿಕೆಯನ್ನೇ ಪ್ರಶ್ನಿಸಿದರು. ಇದು ಹೊಸ ದೇವತಾಶಾಸ್ತ್ರವೇನಲ್ಲ. ಗುಲಾಮಗಿರಿಯ ಕಾಲದಿಂದ ಕಪ್ಪು ಜನರ ಚರ್ಚುಗಳು ಹೇಳುತ್ತ ಬಂದದ್ದೂ, 19ನೆಯ ಶತಮಾನದ ಕೊನೆಯಲ್ಲಿ ವಾಲ್ಟರ್ ರೌಶೆನ್‌ಬುಶ್ ಅವರಂತಹ ಸಭಾಪಾಲಕರು ನ್ಯೂಯಾರ್ಕಿನ ಕಾರ್ಮಿಕರ ನಡುವೆ ನಿಂತು ಬೋಧಿಸಿದ್ದೂ ಇದನ್ನೇ.

ಒಡೆಯದೆ ಉಳಿದ ಒಕ್ಕೂಟ

ಈ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಘಟನೆ ಮಾರಲ್ ಮಂಡೇ ಆರಂಭಕ್ಕೂ ಒಂದು ವರ್ಷ ಮೊದಲು ನಡೆಯಿತು. 2012ರ ಮೇ 8ರಂದು ಸಲಿಂಗ ವಿವಾಹವನ್ನು ನಿಷೇಧಿಸುವ ತಿದ್ದುಪಡಿಯನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸುವ ಕುರಿತು ಜನಮತ ಗಣನೆ ಇತ್ತು. ಆ ವರ್ಷ ಮಾರ್ಚಿನಲ್ಲಿ, ಸಲಿಂಗ ವಿವಾಹವನ್ನು ವಿರೋಧಿಸುವ ರಾಷ್ಟ್ರೀಯ ಸಂಘಟನೆಯೊಂದರ ಆಂತರಿಕ ಟಿಪ್ಪಣಿಗಳು ಬಹಿರಂಗವಾದವು. ಕಪ್ಪು ಜನರಿಗೂ ಸಲಿಂಗಿಗಳಿಗೂ ನಡುವೆ ಬಿರುಕು ಮೂಡಿಸುವುದೇ ತಮ್ಮ ಯೋಜನೆಯ ಗುರಿಯೆಂದು ಅವುಗಳಲ್ಲಿ ಬರೆದಿತ್ತು. ಕಪ್ಪು ಜನರ ಅನೇಕ ಚರ್ಚುಗಳು ವಿವಾಹದ ವಿಷಯದಲ್ಲಿ ಸಾಂಪ್ರದಾಯಿಕ ನಂಬಿಕೆಯವು. ಒಕ್ಕೂಟದ ಅರ್ಧ ಬಲವೇ ಆ ಚರ್ಚುಗಳಾಗಿರುವಾಗ ಬಾರ್ಬರ್ ಸುಮ್ಮನಿದ್ದಿದ್ದರೆ ಯಾರೂ ದೂರುತ್ತಿರಲಿಲ್ಲ.

ಅವರು ಸುಮ್ಮನಿರಲಿಲ್ಲ. ನಿಮ್ಮ ಸಭೆ ಯಾರ ಮದುವೆಯನ್ನು ಆಶೀರ್ವದಿಸಬೇಕು ಎಂಬುದನ್ನು ನಿಮ್ಮ ಸಭೆಯೇ ತೀರ್ಮಾನಿಸಲಿ, ಆದರೆ ಒಂದು ಗುಂಪಿನ ಜನರಿಗೆ ಹಕ್ಕಿಲ್ಲವೆಂದು ಸಂವಿಧಾನದಲ್ಲಿ ಬರೆಯಬೇಕೆ ಎಂಬುದು ಬೇರೆಯೇ ಪ್ರಶ್ನೆ, ಸಂವಿಧಾನದ ಹೊರಗೆ ನಿಲ್ಲುವುದೆಂದರೇನೆಂದು ಬಲ್ಲ ನಾವು ಅದಕ್ಕೆ ಕೈಯೆತ್ತಬಾರದು ಎಂಬ ವಾದವನ್ನು ಅವರು ಕಪ್ಪು ಸಮುದಾಯದ ಮುಂದಿಟ್ಟರು. ತಿದ್ದುಪಡಿಗೆ ರಾಜ್ಯದಲ್ಲಿ ಶೇ. 61ರಷ್ಟು ಮತ ಬಂದು ಅದು ಗೆದ್ದಿತು. ಆದರೂ ಒಕ್ಕೂಟ ಒಡೆಯಲಿಲ್ಲ. ಮರುವರ್ಷ ಸಾಂಪ್ರದಾಯಿಕ ಬ್ಯಾಪ್ಟಿಸ್ಟ್ ಸಭೆಗಳ ಹಿರಿಯರೂ ಸಲಿಂಗಿಗಳ ಹಕ್ಕಿನ ಕಾರ್ಯಕರ್ತರೂ, ಯಹೂದಿ ರಬ್ಬಿಗಳೂ, ಮುಸ್ಲಿಮರೂ, ಯಾವ ದೇವರನ್ನೂ ನಂಬದ ಶಿಕ್ಷಕರೂ ವೈದ್ಯರೂ ಒಂದೇ ಸಾಲಿನಲ್ಲಿ ನಿಂತು ಕೈಗೆ ಪೊಲೀಸರ ಪ್ಲಾಸ್ಟಿಕ್ ಕೋಳ ಹಾಕಿಸಿಕೊಂಡರು. ನಂಬಿಕೆಯ ಪ್ರಶ್ನೆಯನ್ನು ನಾಗರಿಕ ಹಕ್ಕಿನ ಪ್ರಶ್ನೆಯಿಂದ ಬೇರ್ಪಡಿಸಿ ತೋರಿಸಿದ ಈ ವಿವೇಕವಿಲ್ಲದಿದ್ದರೆ ಮುಂದಿನದೇನೂ ನಡೆಯುತ್ತಿರಲಿಲ್ಲ ಎಂದೇ ನಾನು ಭಾವಿಸುತ್ತೇನೆ. 2016ರಲ್ಲಿ ಲಿಂಗಾಂತರಿಗಳು ಸಾರ್ವಜನಿಕ ಶೌಚಾಲಯ ಬಳಸುವುದನ್ನು ನಿರ್ಬಂಧಿಸಿದ ಕಾನೂನು ಬಂದಾಗಲೂ ಇದು ನೆರವಿಗೆ ಬಂತು. ಸ್ಥಳೀಯ ಸಂಸ್ಥೆಗಳು ಕನಿಷ್ಠ ಕೂಲಿಯನ್ನು ಹೆಚ್ಚಿಸದಂತೆ ಅದೇ ಕಾನೂನು ತಡೆಯುತ್ತದೆ ಎಂಬುದನ್ನು ಎತ್ತಿ ತೋರಿಸಲು ಒಕ್ಕೂಟಕ್ಕೆ ಸಾಧ್ಯವಾಯಿತು.

ಬೆಲ್‌ಹೇವನ್ ಊರಿನ ಆಸ್ಪತ್ರೆ

ರಾಜ್ಯದ ಪೂರ್ವ ಕರಾವಳಿಯ ಬೆಲ್‌ಹೇವನ್ ಪುಟ್ಟ ಊರು. ಅಲ್ಲಿನ ಆಸ್ಪತ್ರೆ 2014ರ ಜುಲೈ 1ರಂದು ಮುಚ್ಚಿತು. ಆಸ್ಪತ್ರೆಯ ಒಡೆತನದ ಸಂಸ್ಥೆ ನಷ್ಟವನ್ನು ಕಾರಣವಾಗಿ ಕೊಟ್ಟಿತ್ತು. ಮೆಡಿಕೇಡ್ ವಿಸ್ತರಣೆಯಾಗದ್ದರಿಂದ ಹಣ ಕೊಡಲಾಗದ ರೋಗಿಗಳ ಹೊರೆ ಗ್ರಾಮೀಣ ಆಸ್ಪತ್ರೆಗಳ ಮೇಲೆಯೇ ಬೀಳುತ್ತಿತ್ತು. ಮುಚ್ಚಿದ ಒಂದು ವಾರದೊಳಗೆ ಹೃದಯಾಘಾತವಾದ 48 ವರ್ಷದ ಮಹಿಳೆಯೊಬ್ಬರು ದೂರದ ಆಸ್ಪತ್ರೆಗೆ ಒಯ್ಯುವ ಹೆಲಿಕಾಪ್ಟರಿಗಾಗಿ ಕಾಯುತ್ತಿದ್ದಾಗ ತೀರಿಕೊಂಡರು. ಊರಿನ ಆಗಿನ ಮೇಯರ್ ಆ್ಯಡಂ ಓನೀಲ್ ಬಿಳಿಯರು, ಆಗ ರಿಪಬ್ಲಿಕನ್ ಪಕ್ಷದಲ್ಲಿದ್ದವರು. ಅವರು ಅದೇ ತಿಂಗಳು ಬೆಲ್‌ಹೇವನ್‌ನಿಂದ ವಾಷಿಂಗ್ಟನ್‌ಗೆ 273 ಮೈಲು ಕಾಲ್ನಡಿಗೆಯಲ್ಲಿ ಹೊರಟಾಗ ಅವರ ಬೆನ್ನಿಗೆ ನಿಂತದ್ದು ಬಾರ್ಬರ್ ಮತ್ತು ಎನ್‌ಎಎಸಿಪಿ.

ಕಪ್ಪು ಸಭಾಪಾಲಕ ಮತ್ತು ರಿಪಬ್ಲಿಕನ್ ಮೇಯರ್ ಜೊತೆಯಾಗಿ ನಿಂತದ್ದು ಪಕ್ಷ ರಾಜಕೀಯದ ಲೆಕ್ಕಾಚಾರಕ್ಕೆ ಸಿಗುವಂಥದ್ದಲ್ಲ.  ಆ ಆಸ್ಪತ್ರೆ ಮತ್ತೆ ತೆರೆಯಲಿಲ್ಲ ಎಂಬುದನ್ನೂ ಇಲ್ಲಿ ಹೇಳಲೇಬೇಕು. ಆದರೆ ಮೆಡಿಕೇಡ್ ಕಪ್ಪು ಜನರ ಕೂಗು, ನಗರದ ಕೂಗು, ಒಂದು ಪಕ್ಷದ ಕೂಗು ಎಂದು ತಳ್ಳಿಹಾಕುವುದು ಬೆಲ್‌ಹೇವನ್ ನಂತರ ಕಷ್ಟವಾಯಿತು. ಬಹುತೇಕ ಬಿಳಿಯರೇ ವಾಸಿಸುವ ಪಶ್ಚಿಮದ ಗುಡ್ಡಗಾಡಿನಲ್ಲೂ ಚಳವಳಿಗೆ ನೆಲೆ ಸಿಕ್ಕಿತ್ತು. 2013ರ ಆಗಸ್ಟ್ 5ರಂದು ಆ್ಯಶ್‌ವಿಲ್ ನಗರದಲ್ಲಿ ನಡೆದ ಸಭೆಗೆ ಸಾವಿರಾರು ಜನ ಸೇರಿದ್ದರು.

ಮತಗಟ್ಟೆಯ ಹೋರಾಟ

2013ರ ಜೂನ್ 25ರಂದು ಸುಪ್ರೀಂ ಕೋರ್ಟ್ ಶೆಲ್ಬಿ ಕೌಂಟಿ ಪ್ರಕರಣದಲ್ಲಿ 1965ರ ಮತದಾನ ಹಕ್ಕು ಕಾಯಿದೆಯ ಒಂದು ಪ್ರಮುಖ ರಕ್ಷಣೆಯನ್ನು ನಿಷ್ಕ್ರಿಯಗೊಳಿಸಿತು. ಜನಾಂಗೀಯ ತಾರತಮ್ಯದ ಇತಿಹಾಸವಿರುವ ಪ್ರದೇಶಗಳು ಚುನಾವಣಾ ನಿಯಮ ಬದಲಿಸುವ ಮೊದಲು ಕೇಂದ್ರದ ಒಪ್ಪಿಗೆ ಪಡೆಯಬೇಕಿಲ್ಲವೆಂದಾಯಿತು. ಅದುವರೆಗೆ ಸುಮಾರು 16 ಪುಟಗಳಿದ್ದ ನಾರ್ತ್ ಕೆರೊಲಿನಾದ ಮತದಾರರ ಗುರುತಿನ ಚೀಟಿಯ ಮಸೂದೆ ತೀರ್ಪಿನ ಬಳಿಕ 57 ಪುಟಗಳಿಗೆ ಬೆಳೆಯಿತು. ಆಗಸ್ಟ್ 12ರಂದು ಗವರ್ನರ್ ಅದಕ್ಕೆ ಸಹಿ ಹಾಕಿದರು. ಮುಂಗಡ ಮತದಾನದ ದಿನಗಳು 17ರಿಂದ 10ಕ್ಕೆ ಇಳಿದವು, ಅದೇ ದಿನದ ನೋಂದಣಿ ನಿಂತಿತು, ಗುರುತಿನ ಚೀಟಿಗಳ ಪಟ್ಟಿ ಬಿಗಿಯಾಯಿತು.

ಚರ್ಚುಗಳಿಗೆ ಇದು ದೂರದ ವಿಷಯವಾಗಿರಲಿಲ್ಲ. ಭಾನುವಾರದ ಆರಾಧನೆ ಮುಗಿದ ಮೇಲೆ ಸಭೆಯವರೆಲ್ಲ ಬಸ್ಸು ಹತ್ತಿ ಒಟ್ಟಾಗಿ ಮತಗಟ್ಟೆಗೆ ಹೋಗುವುದು ಕಪ್ಪು ಚರ್ಚುಗಳ ರೂಢಿ. ಹೊಸ ಕಾನೂನು ಅಂಥ ಎರಡು ಭಾನುವಾರಗಳಲ್ಲಿ ಒಂದನ್ನು ಕಿತ್ತುಕೊಂಡಿತು. ಎನ್‌ಎಎಸಿಪಿ ಹೂಡಿದ ಮೊಕದ್ದಮೆಯ ವಾದಿಗಳಲ್ಲಿ ರೋಸಾನೆಲ್ ಈಟನ್ ಒಬ್ಬರು. 1942ರಲ್ಲಿ ಹೇಸರಗತ್ತೆಯ ಗಾಡಿಯಲ್ಲಿ ನೋಂದಣಿ ಕಚೇರಿಗೆ ಹೋಗಿದ್ದ ಅವರನ್ನು ಅಲ್ಲಿನ ಬಿಳಿಯ ಅಧಿಕಾರಿಗಳು ನೆಟ್ಟಗೆ ನಿಲ್ಲಿಸಿ, ಸಂವಿಧಾನದ ಪ್ರಸ್ತಾವನೆಯನ್ನು ಬಾಯಿಪಾಠ ಒಪ್ಪಿಸಲು ಹೇಳಿದ್ದರು. ಅವರು ತಪ್ಪಿಲ್ಲದೆ ಒಪ್ಪಿಸಿ ಮತದಾರರಾಗಿದ್ದರು. ಮುಂದೆ ಜೀವನವಿಡೀ ಇತರರ ಹೆಸರು ನೋಂದಾಯಿಸಿದ ಅವರು 92ನೆಯ ವಯಸ್ಸಿನಲ್ಲಿ ಮಾರಲ್ ಮಂಡೇಯಲ್ಲಿ ಬಂಧನಕ್ಕೂ ಒಳಗಾದರು.

2016ರ ಜುಲೈ 29ರಂದು ಫೆಡರಲ್ ಮೇಲ್ಮನವಿ ನ್ಯಾಯಾಲಯ ಕಾನೂನಿನ ಪ್ರಮುಖ ಭಾಗಗಳನ್ನು ರದ್ದುಮಾಡಿತು. ಯಾವ ಜನಾಂಗದವರು ಯಾವ ಮತದಾನ ಸೌಲಭ್ಯವನ್ನು ಎಷ್ಟು ಬಳಸುತ್ತಾರೆ ಎಂಬ ಅಂಕಿಅಂಶಗಳನ್ನು ಶಾಸಕರು ಮೊದಲು ತರಿಸಿಕೊಂಡು, ಆಮೇಲೆ ಕಪ್ಪು ಜನರು ಹೆಚ್ಚಾಗಿ ಬಳಸುವವನ್ನೇ ಕತ್ತರಿಸಿದ್ದಾರೆ, ಬಹುತೇಕ ಶಸ್ತ್ರಚಿಕಿತ್ಸೆಯಷ್ಟು ನಿಖರವಾಗಿ ಅವರನ್ನು ಗುರಿಮಾಡಿದ್ದಾರೆ ಎಂದು ತೀರ್ಪು ಹೇಳಿತು. 2017ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರಾಜ್ಯದ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಬೀದಿಯಲ್ಲಿ ನಾಲ್ಕು ವರ್ಷಗಳಿಂದ ಹೇಳುತ್ತ ಬಂದ ಮಾತು ನ್ಯಾಯಾಲಯದ ದಾಖಲೆಗೆ ಸೇರಿತು.

ಆಕ್ಷೇಪಗಳು ಮತ್ತು ಮಿತಿಗಳು

ಬಂಧಿತರು ಹೊರಗಿನಿಂದ ಬಂದವರು ಎಂದು ಗವರ್ನರ್ ಹೇಳಿದ್ದರು. ಬಂಧನದ ದಾಖಲೆಗಳ ಪ್ರಕಾರ ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಆ ರಾಜ್ಯದವರೇ. ಅತಿಕ್ರಮ ಪ್ರವೇಶದ ಆರೋಪ ಹೊತ್ತ ಕೆಲವರಿಗೆ ಶಿಕ್ಷೆಯಾಯಿತು. 2014ರಲ್ಲಿ ಗರ್ಭಪಾತ ವಿರೋಧಿಗಳು ಹೂಡಿದ್ದ ಬೇರೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾರ್ವಜನಿಕ ಸ್ಥಳಗಳಲ್ಲಿನ ಅಭಿವ್ಯಕ್ತಿಯ ಪರ ತೀರ್ಪು ನೀಡಿದ ನಂತರ ನೂರಾರು ಆರೋಪಗಳನ್ನು ಕೈಬಿಡಲಾಯಿತು.

ಗಂಭೀರವಾಗಿ ತೆಗೆದುಕೊಳ್ಳಬೇಕಾದ ಆಕ್ಷೇಪ, ಸಭಾಪಾಲಕರು ಒಂದು ಪಕ್ಷದ ಪ್ರಚಾರಕರಾದರು ಎಂಬುದು. 2016ರ ಜುಲೈನಲ್ಲಿ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಾವೇಶದ ವೇದಿಕೆಯಿಂದ ಬಾರ್ಬರ್ ಮಾತನಾಡಿದ್ದರಿಂದ ಈ ಮಾತಿಗೆ ಬಲ ಬಂತು. ತಾನು ಬಂದಿರುವುದು ವ್ಯಕ್ತಿಗತವಾಗಿ, ಸಂಸ್ಥೆಯ ಪರವಾಗಿ ಅಲ್ಲ ಎಂದು ಅವರು ಹೇಳಿದರೂ ಸಾಮಾನ್ಯ ನೋಡುಗರಿಗೆ ಆ ವ್ಯತ್ಯಾಸ ತಿಳಿಯುವುದು ಕಷ್ಟ. ಆ ವೇದಿಕೆ ಏರದಿದ್ದರೆ ಒಳ್ಳೆಯದಿತ್ತು ಎಂದೇ ನನ್ನ ಅಭಿಪ್ರಾಯ. ಆದರೆ 14 ಅಂಶಗಳ ಬೇಡಿಕೆಯನ್ನು ಮೊದಲು ಡೆಮಾಕ್ರಟಿಕ್ ಸರ್ಕಾರದ ಮುಂದೆಯೇ ಇಡಲಾಗಿತ್ತು ಎಂಬುದನ್ನು ನೆನೆದರೆ, ಇಡೀ ಚಳವಳಿಯನ್ನು ಪಕ್ಷದ ಅಂಗವೆನ್ನುವುದು ನ್ಯಾಯವಲ್ಲ.

ಇನ್ನೊಂದು ಮಿತಿ ಚುನಾವಣೆಯದು. 2014ರ ಫೆಬ್ರವರಿ 8ರ ಮೆರವಣಿಗೆಗೆ ಅಪಾರ ಜನ ಸೇರಿದ್ದರು. ಅದೇ ವರ್ಷ ನವೆಂಬರಿನಲ್ಲಿ ರಿಪಬ್ಲಿಕನ್ ಪಕ್ಷ ಎರಡೂ ಸದನಗಳನ್ನು ಉಳಿಸಿಕೊಂಡಿತು. ಎರಡೂ ಸದನಗಳ ಕ್ಷೇತ್ರಗಳ ಗಡಿಗಳನ್ನೇ 2011ರಲ್ಲಿ ಆ ಪಕ್ಷಕ್ಕೆ ಅನುಕೂಲವಾಗುವಂತೆ ಎಳೆಯಲಾಗಿತ್ತು. ಅವುಗಳಲ್ಲಿ 28 ಕ್ಷೇತ್ರಗಳು ಜನಾಂಗದ ಆಧಾರದ ಮೇಲೆ ಅಸಾಂವಿಧಾನಿಕವಾಗಿ ರಚನೆಯಾಗಿವೆ ಎಂದು ನ್ಯಾಯಾಲಯ 2016ರಲ್ಲಿ ಹೇಳಿತು. ರಾಜ್ಯವ್ಯಾಪಿ ಚುನಾವಣೆಯ ಕಥೆ ಬೇರೆ: 2016ರಲ್ಲಿ ಮೆಕ್‌ಕ್ರೊರಿ ಸುಮಾರು 10,000 ಮತಗಳಿಂದ ರಾಯ್ ಕೂಪರ್ ಎದುರು ಸೋತರು.

ಹತ್ತು ವರ್ಷಗಳ ಬಳಿಕ

ಮತದಾನದ ಗೆಲುವು ಪೂರ್ತಿ ಉಳಿಯಲಿಲ್ಲ. ಗುರುತಿನ ಚೀಟಿಯನ್ನು ಕಡ್ಡಾಯಗೊಳಿಸುವ ತಿದ್ದುಪಡಿಗೆ 2018ರಲ್ಲಿ ಮತದಾರರೇ ಒಪ್ಪಿಗೆ ಕೊಟ್ಟರು. ಅದರ ಮೇರೆಗೆ ಬಂದ ಕಾನೂನನ್ನು ರಾಜ್ಯದ ಸರ್ವೋಚ್ಚ ನ್ಯಾಯಾಲಯ 2022ರ ಕೊನೆಯಲ್ಲಿ ರದ್ದುಮಾಡಿತು. ನ್ಯಾಯಾಧೀಶರ ಚುನಾವಣೆಯಿಂದ ಬಹುಮತ ಬದಲಾದ ಮೇಲೆ ಅದೇ ನ್ಯಾಯಾಲಯ 2023ರ ಏಪ್ರಿಲ್‌ನಲ್ಲಿ ಆ ತೀರ್ಪನ್ನು ತಿರುಗಿಸಿತು.

ಬಾರ್ಬರ್ 2017ರಲ್ಲಿ ರಾಜ್ಯ ಘಟಕದ ಹೊಣೆ ಬಿಟ್ಟು, ಪ್ರೆಸ್ಬಿಟೇರಿಯನ್ ಸಭಾಪಾಲಕಿ ಲಿಜ್ ಥಿಯೊಹಾರಿಸ್ ಅವರೊಡನೆ, 1968ರಲ್ಲಿ ಕಿಂಗ್ ಹಮ್ಮಿಕೊಂಡಿದ್ದ ಬಡವರ ಅಭಿಯಾನವನ್ನು ದೇಶದ ಮಟ್ಟದಲ್ಲಿ ಮತ್ತೆ ಆರಂಭಿಸಿದರು. ರಾಲಿಯಲ್ಲಿದ್ದ ಸಾಂದ್ರತೆ ಆ ವಿಶಾಲ ಅಭಿಯಾನಕ್ಕೆ ಬರಲಿಲ್ಲ ಎಂದು ನನಗೆ ತೋರುತ್ತದೆ. ಒಂದೇ ಕಟ್ಟಡ, ಒಂದೇ ಅಧಿವೇಶನ, ಹೆಸರಿಸಬಹುದಾದ ಹತ್ತು ಮಸೂದೆಗಳು ಇದ್ದಾಗ ಹುಟ್ಟುವ ಬಿಗಿ ಇಡೀ ದೇಶದ ಬಡತನವನ್ನು ಕುರಿತು ಮಾತನಾಡುವಾಗ ಸಡಿಲವಾಗುತ್ತದೆ.

ಮೆಡಿಕೇಡ್ ವಿಷಯದಲ್ಲಿ ಫಲ ನಿಧಾನವಾಗಿ ಬಂತು. 2013ರಲ್ಲಿ ವಿಸ್ತರಣೆಯನ್ನು ನಿರಾಕರಿಸಿದ್ದ ಪಕ್ಷದ ಬಹುಮತವೇ ಇದ್ದ ಶಾಸನಸಭೆ ಅದನ್ನು ಅಂಗೀಕರಿಸಿ, 2023ರ ಮಾರ್ಚ್ 27ರಂದು ಗವರ್ನರ್ ಕೂಪರ್ ಸಹಿ ಹಾಕಿದರು. ಡಿಸೆಂಬರ್ 1ರಿಂದ ಜಾರಿಗೆ ಬಂದು, ಒಂದು ವರ್ಷದ ಅವಧಿಯಲ್ಲಿ ಸುಮಾರು 6 ಲಕ್ಷ ಜನ ಹೆಸರು ನೋಂದಾಯಿಸಿಕೊಂಡರು. ಕೇಂದ್ರ ಒಡ್ಡಿದ ಹೆಚ್ಚುವರಿ ಹಣ, ಗ್ರಾಮೀಣ ಆಸ್ಪತ್ರೆಗಳ ಸಂಕಟ, ಗವರ್ನರ್ ಪಟ್ಟುಹಿಡಿದದ್ದು ಎಲ್ಲವೂ ಇದಕ್ಕೆ ಕಾರಣ. ಚಳವಳಿಯೊಂದೇ ಇದನ್ನು ತಂದಿತೆನ್ನಲಾಗದು. ಈ ಮಧ್ಯೆ ವಿಮೆಯಿಲ್ಲದೆ ಸತ್ತವರಿಗೆ ಆ ಸಹಿ ತಲುಪಲಿಲ್ಲ ಎಂಬುದನ್ನು ಮರೆಯಲಾಗದು. ಆದರೆ ಹತ್ತು ವರ್ಷ ಈ ಬೇಡಿಕೆ ಸಾಯದಂತೆ, ಅದು ಯಾರ ಜೀವದ ಪ್ರಶ್ನೆಯೆಂಬುದು ಮರೆಯಾಗದಂತೆ ನೋಡಿಕೊಂಡವರಲ್ಲಿ ಸೋಮವಾರದ ಸತ್ಯಾಗ್ರಹಿಗಳು ಮುಂಚೂಣಿಯಲ್ಲಿದ್ದರು.

ಆ ಕಾನೂನಿನಲ್ಲಿ ಒಂದು ಷರತ್ತಿದೆ: ವಿಸ್ತರಣೆಯ ಖರ್ಚಿನಲ್ಲಿ ಕೇಂದ್ರದ ಪಾಲು ಶೇ. 90ಕ್ಕಿಂತ ಕೆಳಗಿಳಿದರೆ ರಾಜ್ಯ ಅದನ್ನು ನಿಲ್ಲಿಸಬೇಕು. 2025ರಲ್ಲಿ ವಾಷಿಂಗ್ಟನ್ನಿನಲ್ಲಿ ಮೆಡಿಕೇಡ್ ಕಡಿತದ ಚರ್ಚೆ ಎದ್ದಾಗ ಬಾರ್ಬರ್ ಅಲ್ಲಿಗೂ ಹೋದರು. ಏಪ್ರಿಲ್ 28ರ ಸೋಮವಾರ ಸಂಸತ್ ಭವನದೊಳಗೆ ಪ್ರಾರ್ಥಿಸುತ್ತಿದ್ದಾಗ ಅವರನ್ನು ಬಂಧಿಸಲಾಯಿತು. ಜುಲೈನಲ್ಲಿ ಅಂಗೀಕಾರವಾದ ಕೇಂದ್ರದ ಕಾನೂನು ಫಲಾನುಭವಿಗಳ ಮೇಲೆ ಕೆಲಸದ ಷರತ್ತು ಹೇರಿತಾದರೂ ಶೇ. 90ರ ಪಾಲನ್ನು ಮುಟ್ಟಲಿಲ್ಲ.